ಕೈ ಬಿಡದ ಭರ್ಜಿ

"ಉಗ್ರಾಣದ ಮೂಲೆಯಲ್ಲಿರೋ ಮರದ ಭರ್ಜಿ ಮಾತ್ರ ಮುಟ್ಟಬೇಡ ಕಣೇ," ಎಂದು ಅಕ್ಕ ದನಿ ತಗ್ಗಿಸಿ ಹೇಳಿದಳು. "ಯುದ್ಧದ ಕಾಲದ್ದು. ಸಿಪಾಯಿಗಳು ಬಿಸಾಕಿ ಓಡಬಾರದು ಅಂತ ಯಾರೋ ಅದಕ್ಕೆ ಮಾಟ ಮಾಡಿಸಿದ್ರಂತೆ. ಯಾರದಾದ್ರೂ ಮೈ ಇರಿಯೋ ತನಕ ಹಿಡಿದ ಕೈಯನ್ನ ಬಿಡಲ್ವಂತೆ."

"ಎಸೆಯೋಕೆ ಬರದವರು ಯಾರೋ ಕಟ್ಟಿದ ಕತೆ ಬಿಡು," ಎಂದು ತಂಗಿ ಕಿಸಕ್ಕನೆ ನಕ್ಕಳು. ಅಕ್ಕನ ಹಾಗೆ ಭರ್ಜಿ ಎಸೆತ ಕಲಿಯಲೆಂದು ಅವಳು ಈ ಕ್ರೀಡಾಂಗಣಕ್ಕೆ ಬಂದು ಸೇರಿದ್ದೇ ಆ ವಾರ.

ಮಟಮಟ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ, ಗ್ಯಾಲರಿಯ ಕೆಳಗಿನ ಉಗ್ರಾಣಕ್ಕೆ ನುಗ್ಗಿದಳು. ಕಾದ ತಗಡಿನ ಧಗೆ, ತುಕ್ಕಿನ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನಂಥ ಕಮಟು. ಭರ್ಜಿಗೆ ಸುತ್ತಿದ್ದ ಕಪ್ಪು ದಾರ ಈಗಷ್ಟೇ ಯಾರೋ ಹಿಡಿದಿಟ್ಟಂತೆ ಬೆಚ್ಚಗೆ, ಜಿಗುಟಾಗಿತ್ತು. ಭುಜದ ಮೇಲೆತ್ತಿ ತೂಗಿದಳು. ಆಹಾ, ಎಂಥ ಹದ!

ಕೆಳಗಿಡಲು ಹೋದರೆ ಬೆರಳು ಬಿಚ್ಚಲಿಲ್ಲ.

ಧಡ್ ಎಂದು ಬಾಗಿಲು ಮುಚ್ಚಿಕೊಂಡಿತು. ಕತ್ತಲು ಗವ್ವೆಂದಿತು. ಎಡಗೈಯಿಂದ ಒಂದೊಂದೇ ಬೆರಳು ಮೀಟಿದಳು. ಗೆಣ್ಣು ಲಟಕ್ಕೆಂದಿತೇ ಹೊರತು ಹಿಡಿತ ಸಡಿಲಲಿಲ್ಲ. ದಾರ ಹುಳುವಿನಂತೆ ಹರಿದು ಬಂದು ಮಣಿಕಟ್ಟನ್ನು ಬಿಗಿಯಿತು. ಗೋಡೆಗೆ ಮೊನೆ ಕುಟ್ಟಿದಳು. ಗಾರೆ ಉದುರಿತು, ಅಷ್ಟೇ.

ಹೊರಗೆ ಹೆಜ್ಜೆ ಸದ್ದು. "ಒಳಗಿದ್ದೀಯೇನೇ? ಊಟಕ್ಕೆ ಯಾಕೆ ಬರ್ಲಿಲ್ಲ?" ಅಕ್ಕನ ದನಿ.

ಮೊನೆ ಆ ದನಿಯತ್ತ ತಿರುಗಿತು. ತೋಳು ತಾನಾಗಿಯೇ ಹಿಂದಕ್ಕೆ ಸರಿದು ಎಸೆತಕ್ಕೆ ಸಜ್ಜಾಯಿತು.

"ಬಾಗಿಲು ತೆಗೀಬೇಡ ಅಕ್ಕಾ! ನಿನ್ನ ದಮ್ಮಯ್ಯ, ಓಡು!"

ಆ ಕೂಗೇ ಎಡವಟ್ಟಾಯಿತು. ಗಾಬರಿಬಿದ್ದ ಅಕ್ಕ ಭುಜ ಕೊಟ್ಟು ಬಾಗಿಲು ದೂಡತೊಡಗಿದಳು. ಸಂದಿಯಲ್ಲಿ ಬೆಳಕಿನ ಗೆರೆ. ಅದರ ಹಿಂದೆ ಅಕ್ಕನ ಕಣ್ಣು. ತೋಳು ಮುಂದಕ್ಕೆ ಚಿಮ್ಮಲು ಹವಣಿಸಿತು. ಇನ್ನು ತಡೆಯಲಾಗದು. ತಂಗಿ ಎಡಗೈಯನ್ನೂ ಸೇರಿಸಿ, ಇಡೀ ಮೈಭಾರ ಹಾಕಿ ಮೊನೆಯನ್ನು ಕೆಳಕ್ಕೆಳೆದಳು. ತನ್ನ ಪಾದಕ್ಕೇ ಇಳಿಸಿದಳು.

ಖಚ್.

ದಾರ ಸಡಿಲಿತು, ಬೆರಳು ಬಿಚ್ಚಿತು. ಬಾಗಿಲೂ ತೆರೆಯಿತು. ಕುಸಿದು ಬಿದ್ದ ತಂಗಿ ನೋವಿನಲ್ಲೂ ನಕ್ಕಳು, ನಗುತ್ತಲೇ ಅತ್ತಳು.

"ಅಯ್ಯೋ, ಏನಾಯ್ತೇ!" ಅಕ್ಕ ಓಡಿ ಬಂದಳು. ಪಾದದಲ್ಲಿ ಭರ್ಜಿ ನೆಟ್ಟಿದ್ದಷ್ಟೇ ಅವಳಿಗೆ ಕಂಡಿದ್ದು, ಅದು ಯಾವ ಭರ್ಜಿ ಎಂಬುದಲ್ಲ. ಎರಡೂ ಕೈಯಿಂದ ಹಿಡಿದು ಸರಕ್ಕನೆ ಕಿತ್ತಳು.

"ಮುಟ್..." ತಂಗಿ ಕೈ ಚಾಚುವಷ್ಟರಲ್ಲಿ ಹೊತ್ತು ಮೀರಿತ್ತು.

ಅಕ್ಕ ತನ್ನ ಮುಷ್ಟಿಗಳನ್ನು ನೋಡಿಕೊಂಡಳು. ಬಿಚ್ಚಲು ಹೆಣಗಿದಳು. ಮುಖ ಸುಣ್ಣದಂತಾಯಿತು. ಅವಳ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು.

"ತೆವಳ್ಕೊಂಡಾದ್ರೂ ಆಚೆ ಹೋಗೇ," ಎಂದಳು ಅಕ್ಕ. "ಬೇಗ ಹೋಗು. ಈ ಕೈ ನನ್ನ ಮಾತು ಕೇಳ್ತಿಲ್ಲ."