ಏಳು ಅಂಗಡಿ ದಾಟಿ ಬಾಸುಂದಿ

ಸೇವಂತಿಲಾಲ್ ತನ್ನ ದನಿಯನ್ನು ತಾನೇ ಕೇಳಿದ್ದು ಮಂಗಳವಾರ, ಜುಮ್ಮಾ ಮಸೀದಿಯ ಮೆಟ್ಟಿಲ ಮೇಲೆ. ಸೂರತ್ ಕಡೆಯ ಹೆಂಗಸೊಬ್ಬಳು ಕಿವಿಗೊಂದು ಯಂತ್ರ ಸಿಕ್ಕಿಸಿಕೊಂಡು ಒಬ್ಬಳೇ ನಗುತ್ತಿದ್ದಳು. ಏನು ಸಮಾಚಾರ ಎಂದು ಕೇಳಿದ್ದಕ್ಕೆ ಅದನ್ನು ಕಳಚಿ ಅವನ ಕಿವಿಗೇ ಇಟ್ಟಳು. ಒಳಗೆ ಅವನೇ ಇದ್ದ. ಅಹಮದಾಬಾದಿನ ಹಳೇ ಊರಿನ ಓಣಿಗಳಲ್ಲಿ ಇಪ್ಪತ್ತಾರು ವರ್ಷ ಜನರನ್ನು ನಡೆಸಿ, ತೋರಿಸಿ, ತಿನ್ನಿಸಿ ಹೇಳುತ್ತ ಬಂದ ಕತೆ, ನಡುವೆ ಅಜ್ಜ ಬಾಯಿಪಾಠ ಮಾಡಿಸಿದ ಎರಡು ಸಾಲಿನ ದೋಹೆ, ದೋಹೆ ಮುಗಿದ ಮೇಲಿನ ಕೆಮ್ಮು ಕೂಡ.

ದನಿಯನ್ನು ಹಿಡಿದಿಟ್ಟವನು ಅಣ್ಣನ ಮಗ ಪರಾಗ್. ನೆನಪಿಗಿರಲಿ ಎಂದು ತಿಂಗಳುಗಟ್ಟಲೆ ಫೋನನ್ನು ಜೇಬಿನಲ್ಲಿಟ್ಟುಕೊಂಡು ಹಿಂದೆ ಹಿಂದೆ ನಡೆದಿದ್ದ. ಕೇಳಿದರೆ ಮುಚ್ಚುಮರೆ ಮಾಡಲಿಲ್ಲ. ಈ ತುಣುಕು ಬರೀ ಪರೀಕ್ಷೆಗೆ, ಸೋಮವಾರ ಪ್ರವಾಸದ ಕಂಪನಿಯವರು ಬಂದು ಪೂರ್ತಿ ಒಯ್ಯುತ್ತಾರೆ, ಆಮೇಲೆ ಬಂದವರು ಯಂತ್ರ ಹಾಕಿಕೊಂಡು ತಾವೇ ಸುತ್ತುತ್ತಾರೆ ಎಂದ.

“ನಿಮ್ಮ ಮಂಡಿಗೆ ವಿಶ್ರಾಂತಿ ಕಾಕಾ. ನಾಲಿಗೆ ಹೇಗೂ ದುಡೀತಾ ಇರತ್ತೆ.”

ಸೇವಂತಿಲಾಲ್ ನಕ್ಕ. ಮನೆಗೆ ಬಂದು ಜಗಲಿಯ ಮೇಲೆ ಕೂತಾಗ ನಗು ಇಳಿಯಿತು. ಇನ್ನು ಸಾಯುವ ತನಕ ಹೀಗೇ ಕೂತು, ತನ್ನ ಓಣಿಯಲ್ಲೇ ತನ್ನ ದನಿ ಅಪರಿಚಿತರ ಕಿವಿಯಲ್ಲಿ ಹಾದುಹೋಗುವುದನ್ನು ನೋಡಬೇಕು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಇದ್ದದ್ದು ಆ ಒಂದು ದನಿ. ಅದನ್ನೂ ಗೂಡಿಗೆ ಹಾಕಿ ಬಾಗಿಲು ಜಡಿದಾಗಿತ್ತು. ಆ ಗೂಡು ಪರಾಗನ ಫೋನು, ಅದರ ಬೀಗ ತೆಗೆಯುವ ಗುಟ್ಟಿನ ಅಂಕಿ ಅವನ ತಲೆಯಲ್ಲಿ ಮಾತ್ರ ಇತ್ತು. ತಲೆ ಹೋದರೆ ಗುಟ್ಟೂ ಹೋಗುತ್ತದೆ, ದನಿ ಗಂಟಲಿಗೆ ಮರಳುತ್ತದೆ. ಈ ಯೋಚನೆ ಬಂದಾಗ ತಾನೇ ಬೆಚ್ಚಿದ. ಬುಧವಾರದ ಹೊತ್ತಿಗೆ ಬೆಚ್ಚುವುದು ನಿಂತಿತ್ತು.

ಎರಡು ವರ್ಷದ ಹಿಂದೆ ಪಾಲಿತಾಣಾ ಯಾತ್ರೆಯ ದಾರಿಯಲ್ಲಿ ಮುದುಕನೊಬ್ಬ ಹೊಲಕ್ಕೆ ನುಗ್ಗುವ ಹಂದಿಗೆಂದು ಒಂದು ಬೇರಿನ ಪುಡಿ ಇಟ್ಟುಕೊಂಡಿದ್ದ. ಉಗುರಿಗೆ ಅಂಟಿದಷ್ಟು ಸಾಕು ಎಂದಿದ್ದ. ಮಧ್ಯಾಹ್ನ ಹೊಟ್ಟೆಗೆ ಹೋದದ್ದು ಸಂಜೆ ಏಳುತ್ತದೆ, ನೋಡಿದವರಿಗೆ ತಿಂಡಿ ಕೆಟ್ಟು ವಾಂತಿಯಾದಂತೆಯೇ ಕಾಣುತ್ತದೆ, ಬೇರಿನ ಹೆಸರು ಗೊತ್ತಾದರೆ ಮದ್ದುಂಟು, ಇಲ್ಲದಿದ್ದರೆ ಮೂರನೇ ದಿನಕ್ಕೆ ಮುಗಿಯಿತು. ಇರುವೆಯನ್ನೂ ತುಳಿಯದ ಜೈನ ಮನೆಯವನು ಆ ಪೊಟ್ಟಣವನ್ನು ಯಾಕೆ ಬೇಡಿ ತಂದನೋ, ಆಗ ಅವನಿಗೇ ತಿಳಿದಿರಲಿಲ್ಲ.

ಉಪಾಯದ ಸೊಗಸೆಲ್ಲ ಇದ್ದದ್ದು ತಿಂಡಿಯಲ್ಲಿ. ಭಾನುವಾರದ ಸುತ್ತಾಟದಲ್ಲಿ ಏಳು ಅಂಗಡಿ. ಪ್ರತಿ ಅಂಗಡಿಯಲ್ಲೂ ಯಾತ್ರಿಕರಿಗಿಂತ ಮೊದಲು ಪರಾಗನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಸಂಜೆ ಡಾಕ್ಟರು ಏನು ತಿಂದೆ ಎಂದು ಕೇಳಿದರೆ ಹೇಳಲಿ: ಫಾಫಡಾ, ಖಮಣ, ದಾಲ್‌ವಡಾ, ಕಚೋರಿ, ಇನ್ನೂ ಮೂರು. ಯಾವ ಎಣ್ಣೆ, ಯಾವ ಚಟ್ನಿ, ಯಾವ ನೀರು ಎಂದು ಬ್ರಹ್ಮನೂ ಹೇಳಲಾರ. ಕೊನೆಗೆ ಎಲ್ಲರೂ ಸೇವಂತಿಲಾಲನ ಜಗಲಿಯಲ್ಲಿ ಕೂತು ಅವನೇ ಕಾಸಿದ ಬಾಸುಂದಿ ತಿನ್ನುವುದು ವಾಡಿಕೆ. ಹದಿನಾರು ಜನ ತಿಂದು ಗಟ್ಟಿಯಾಗಿದ್ದ ಮೇಲೆ ಬಾಸುಂದಿಯನ್ನು ಯಾರು ಬೈದಾರು? ಬೇರಿನ ಹೆಸರು ಈ ಊರಿನಲ್ಲಿ ಒಬ್ಬನಿಗೇ ಗೊತ್ತು. ಆ ಒಬ್ಬ ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತಾನೆ. ಆದ್ದರಿಂದ ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಎಂದಿನಂತೆ ಸಾಮಾಯಿಕದ ಧ್ಯಾನಕ್ಕೆ ಕೂತ. ಎಲ್ಲ ಜೀವಿಗಳ ಕ್ಷಮೆ ಬೇಡುವ ಸಾಲು ಬಂದಾಗಲೂ ದನಿ ನಡುಗಲಿಲ್ಲ. ಅದು ಅವನಿಗೆ ಶುಭಶಕುನವಾಗಿ ಕಂಡಿತು.

ಸುತ್ತಾಟ ಅವನ ಜೀವಮಾನದಲ್ಲೇ ಚೆನ್ನಾಗಿ ಆಯಿತು. ಹಕ್ಕಿಗೂಡಿನ ಕಂಬದ ಕೆಳಗೆ ಹೇಳಿದ ದೋಹೆಗೆ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಮಾಣೆಕ್ ಚೌಕದ ಹತ್ತಿರ ಫಾಫಡಾ ಕರಿಯುವ ಗೋರ್ಧನ್ ಜಾಲರಿ ಎತ್ತಿ ಹಿಡಿದು ಗೊಣಗಿದ.

“ಸೇವಂತಿಭಾಯ್, ಇವತ್ತೇನು, ಕತೆಯ ಬಾದಶಹನನ್ನ ಸಾಯಿಸೋಕೆ ಮನಸ್ಸೇ ಬರ್ತಿಲ್ವಾ? ನನ್ನ ಫಾಫಡಾ ತಣ್ಣಗಾಗ್ತಿದೆ.”

“ಅವಸರದಲ್ಲಿ ಸಾಯಿಸಿದರೆ ಕತೆ ಕೆಡತ್ತೆ ಗೋರ್ಧನ್,” ಎಂದ ಸೇವಂತಿಲಾಲ್. ಎಲ್ಲರೂ ನಕ್ಕರು. ಪರಾಗ್ ಎಲ್ಲರಿಗಿಂತ ಜೋರಾಗಿ ನಕ್ಕ, ಮೂರು ಫಾಫಡಾ ಹೆಚ್ಚಿಗೆ ತಿಂದ. ಒಳ್ಳೆಯದೇ ಆಯಿತು.

ಹನ್ನೆರಡಕ್ಕೆ ಯಾತ್ರಿಕರೆಲ್ಲ ಜಗಲಿಯಲ್ಲಿ ಕಾಲು ಚಾಚಿ ಕೂತರು. ಅವನು ಒಳಗೆ ಹೋಗಿ ಹದಿನಾರು ದೊನ್ನೆಗೆ ದೊಡ್ಡ ಪಾತ್ರೆಯಿಂದ ಬಾಸುಂದಿ ಬಡಿಸಿದ. ಹದಿನೇಳನೆಯದನ್ನು ಮಾತ್ರ ಹಿತ್ತಾಳೆ ಬಟ್ಟಲಿನಲ್ಲಿ ಬೇರೆಯಾಗಿ ಕಲಸಿ, ದೊನ್ನೆಗೆ ಹುಯ್ದು, ಮೇಲೆ ಎರಡು ಎಸಳು ಕೇಸರಿ ಹೆಚ್ಚಿಗೆ ಇಟ್ಟ. ಬಟ್ಟಲು ತೊಳೆದಿಟ್ಟು ಹೊರಗೆ ಬಂದು ಪರಾಗನ ಕೈಗೆ ತಾನೇ ಕೊಟ್ಟ. ನೀವೂ ತಗೊಳ್ಳಿ ಎಂದು ಯಾರೋ ಒತ್ತಾಯ ಮಾಡಿದರು. ತನಗೆ ಆಮೇಲೆ ಎಂದ.

ಪರಾಗ್ ದೊನ್ನೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ. ಎದ್ದು ಹೊರಡುವ ಮುಂಚೆ ಕಾಕಾನ ಪಾದ ಮುಟ್ಟಿದ. ಹಬ್ಬವಲ್ಲದ ದಿನ ಅವನು ಹಾಗೆ ಮಾಡಿದ್ದಿಲ್ಲ.

“ಕಂಪನಿಯವರ ಹತ್ತಿರ ಒಂದು ಮಾತು ಹೇಳಿದ್ದೀನಿ ಕಾಕಾ. ಯಂತ್ರ ಎಲ್ಲಿ ಬೇಕಾದ್ರೂ ಹೇಳ್ಲಿ. ಆದರೆ ಬಂದೋರೆಲ್ಲ ಕೊನೆಗೆ ಈ ಜಗಲಿಗೇ ಬರಬೇಕು, ನಿಮ್ಮ ಬಾಯಿಂದ ಒಂದು ದೋಹೆ ಕೇಳಿಯೇ ಹೋಗಬೇಕು. ಅದಿಲ್ಲದಿದ್ರೆ ಕೊಡಲ್ಲ ಅಂದೆ. ಒಪ್ಪಿದಾರೆ.”

ಬಾಯಿ ತೆರೆದರೆ ಬೇರಿನ ಹೆಸರು ಹೊರಗೆ ಬರುತ್ತದೆ ಎಂದು ಹೆದರಿ ಸೇವಂತಿಲಾಲ್ ತಲೆಯಾಡಿಸಿದ. ಪರಾಗ್ ಚಪ್ಪಲಿ ಮೆಟ್ಟಿ, ಯಾತ್ರಿಕರನ್ನು ಕರೆದುಕೊಂಡು ಓಣಿಯ ತಿರುವು ದಾಟಿದ. ಕೂಗಿದರೆ ಕೇಳಿಸುವಷ್ಟು ದೂರ ಹೋಗುವವರೆಗೂ, ಕೇಳಿಸದಷ್ಟು ದೂರ ಹೋದ ಮೇಲೂ, ಸೇವಂತಿಲಾಲ್ ಕಂಬ ಹಿಡಿದು ನಿಂತೇ ಇದ್ದ. ಬಿಟ್ಟ ಬಾಣ ಎಂದು ಮನಸ್ಸಿಗೆ ಹೇಳಿಕೊಂಡ. ಎಸೆದ ದೊನ್ನೆ ತಿನ್ನಲು ಓಣಿಯ ಹಸು ಬರುತ್ತದೆಂದು ನೆನಪಾಗಿ ಪರಾಗನ ದೊನ್ನೆಯನ್ನು ಹುಡುಕಿ ಎತ್ತಿಕೊಂಡ. ಮೂಕ ಪ್ರಾಣಿ, ಅದೇನು ತಪ್ಪು ಮಾಡಿತ್ತು? ದೊನ್ನೆಯನ್ನೂ ಪುಡಿಯ ಪೊಟ್ಟಣವನ್ನೂ ಒಲೆಗೆ ಹಾಕಿದ.

ಒಂದೂವರೆಗೆ ಓಣಿ ನಿಶ್ಶಬ್ದವಾಯಿತು. ಕತೆಗಾರನ ಅಭ್ಯಾಸದಂತೆ ಅವನು ಎಲ್ಲವನ್ನೂ ಮೊದಲಿನಿಂದ ಒಮ್ಮೆ ಮನಸ್ಸಿನಲ್ಲಿ ನಡೆಸಿದ. ಪೊಟ್ಟಣ ಬೂದಿ, ದೊನ್ನೆ ಬೂದಿ, ಹಿತ್ತಾಳೆ ಬಟ್ಟಲು ಕಪಾಟಿನ ಮೇಲೆ ಬೋರಲಾಗಿ ಹೊಳೆಯುತ್ತಿತ್ತು. ಬಟ್ಟಲು ತೊಳೆದ ನೀರು ಬಚ್ಚಲಿಗೆ ಹೋಗಿರುತ್ತದೆ, ಅದರ ಮೇಲೊಂದು ತಂಬಿಗೆ ನೀರು ಹುಯ್ದರೆ ಆಯಿತು ಎಂದು ತಂಬಿಗೆ ಹಿಡಿದು ಹೋದ. ಆಗಲೇ ಗಮನಿಸಿದ್ದು: ಬಾಸುಂದಿಯ ಒಂದು ಹನಿಯನ್ನೂ ತಿನ್ನದ ಅವನ ನಾಲಿಗೆಯ ಮೇಲೆ ಕೇಸರಿಯ ರುಚಿ ಇತ್ತು. ಬಚ್ಚಲು ಒಣಗಿತ್ತು, ಕಲ್ಲಿನ ನಟ್ಟನಡುವೆ ಇರುವೆಯ ಸಾಲೊಂದು ನಿಶ್ಚಿಂತೆಯಿಂದ ಹೋಗುತ್ತಿತ್ತು. ಪಾತ್ರೆಗೆ ಅಂಟಿದ್ದನ್ನು ಬಚ್ಚಲಿಗೆ ಚೆಲ್ಲಬಾರದು, ಅದು ಕೊಳೆತು ಅದರಲ್ಲಿ ಹುಟ್ಟಿ ಸಾಯುವ ಜೀವಗಳ ಪಾಪ ಚೆಲ್ಲಿದವನಿಗೆ, ತೊಳೆದು ಆ ನೀರನ್ನು ಕುಡಿದುಬಿಡಬೇಕು ಎಂದು ಐದನೇ ವರ್ಷದಲ್ಲಿ ಅಮ್ಮ ಕಲಿಸಿದ್ದಳು. ಅವನ ಮನಸ್ಸು ಅಷ್ಟೂ ದಿನ ಲೆಕ್ಕ ಹಾಕಿತ್ತು, ಕೈಯನ್ನು ಮಾತ್ರ ಕೇಳಿರಲಿಲ್ಲ. ಹೊರಗೆ ಯಾತ್ರಿಕರು ಕಾಯುತ್ತಿದ್ದಾಗ ಆ ಕೈ ಅರವತ್ತು ವರ್ಷದಿಂದ ಮಾಡುತ್ತ ಬಂದಂತೆಯೇ ಬಟ್ಟಲಿಗೆ ಎರಡು ಗುಟುಕು ನೀರು ಹಾಕಿ, ಮೂರು ಬೆರಳಿನಿಂದ ಸುತ್ತ ಸವರಿ, ಬಾಯಿಗೆ ಎತ್ತಿ, ಒಂದು ತೊಟ್ಟೂ ಉಳಿಸದೆ ಕುಡಿಸಿತ್ತು.