ಆಷಾಢದಲ್ಲಿ ಬೇಡವಾದ ಮಾತ್ರೆ

ಗೌರಿಹಬ್ಬದ ಹಿಂದಿನ ದಿನ ಬೆಳಗ್ಗೆ ಅಟ್ಟೂರಿನ ಮನೆಯ ಸಂಪಿನ ಪಕ್ಕ ಸರಳಾ ಬಿದ್ದಿದ್ದಳು. ಬಾಯಲ್ಲಿ ನೊರೆ, ಹಣೆಯಲ್ಲಿ ರಕ್ತ. ನೀರೆತ್ತಲು ತೆಗೆದಿದ್ದ ಮುಚ್ಚಳ ತೆರೆದೇ ಇತ್ತು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಹೆಣವಾಗುತ್ತಿದ್ದಳು.

ಮಾತ್ರೆಯಿಂದ ವರ್ಷಗಟ್ಟಲೆ ತಲೆಯೆತ್ತದ ಮೂರ್ಛೆರೋಗ ಮದುವೆಯಾದ ಮೇಲೆ ಮರಳಿತ್ತು. ಅತ್ತೆ ಗೋಪಾಲಮ್ಮನೇ ಮಾತ್ರೆ ಬದಲಿಸುತ್ತಿದ್ದಾಳೆ ಎಂದು ಸರಳಾಳ ಅಪ್ಪ ದೂರು ಕೊಟ್ಟಿದ್ದರು. ಆಸ್ಪತ್ರೆಯಿಂದ ಸರಳಾ ಮನೆಗೆ ಬಂದ ಮೇಲೆ ಸಬ್ ಇನ್‌ಸ್ಪೆಕ್ಟರ್ ರಾಧಾಮಣಿ ವಿಚಾರಣೆಗೆ ಬಂದಳು. ಮುದುಕಿಯ ಮೋರೆ ನೋಡಿಯೇ ಅವಳಿಗೆ ಮೈ ಉರಿಯಿತು. ಫಿಟ್ಸ್ ಇರುವ ಹುಡುಗಿ ಬೇಡವೆಂದು ಮದುವೆಗೆ ಮುಂಚೆ ರಂಪ ಮಾಡಿದವಳು ಗೋಪಾಲಮ್ಮನೇ. ದಿನಾ ಮಾತ್ರೆ ತೆಗೆದುಕೊಡುವವಳೂ ಅವಳೇ.

“ತವರಲ್ಲಿ ಫಿಟ್ಸ್ ಬಂದಿತ್ತಾ?”

“ಆಷಾಢಕ್ಕೆ ಚಿಕ್ಕಬಾಣಾವರಕ್ಕೆ ಹೋಗಿದ್ದೆ ಮೇಡಂ,” ಎಂದಳು ಸರಳಾ. “ಅಲ್ಲಿ ಚೆನ್ನಾಗೇ ಇದ್ದೆ. ಇಲ್ಲಿಗೆ ಬಂದ್ಮೇಲೆ ಮತ್ತೆ ಶುರುವಾಯ್ತು.”

“ಅಮ್ಮನ ಕೈ ತಪ್ಪಿದ್ರೆ ಇವಳು ಆರಾಮ್. ನಾನೇನ್ ಹೇಳ್ಲಿ?” ಎಂದ ಗಂಡ ನಂದಕುಮಾರ್, ತಲೆ ತಗ್ಗಿಸಿ.

ಗೋಪಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನನ್ ಬಾಯಿ ಕೆಟ್ಟದ್ದು ಕಣಮ್ಮ. ಕೈಯಲ್ಲ.”

“ತವರಲ್ಲಿ ಫಿಟ್ಸ್ ಮಾತ್ರೆ ಎಲ್ಲಿಂದ ತಗೊಂಡ್ರಿ?”

“ಇಲ್ಲಿಂದ್ಲೇ. ಅತ್ತೆ ಡಬ್ಬೀನೇ ಕೊಟ್ಟು ಕಳಿಸಿದ್ರು.”

ರಾಧಾಮಣಿ ಬೆಚ್ಚಿದಳು. ಅತ್ತೆ ಕೊಟ್ಟ ಮಾತ್ರೆಯೇ ಅಲ್ಲಿ ಕೆಲಸ ಮಾಡಿದೆ. ಹಾಗಾದರೆ—

“ಇಲ್ಲಿ ನುಂಗಿ ಅಲ್ಲಿ ನುಂಗದೇ ಇದ್ದದ್ದು ಏನಾದ್ರೂ ಇದೆಯಾ?”

“ಶಕ್ತಿ ಮಾತ್ರೆ,” ಎಂದು ಸರಳಾ ಗಂಡನ ಕಡೆ ನೋಡಿದಳು. “ದಿನಾ ಇವರೇ ಕೈಗೆ ಹಾಕ್ತಾರೆ. ಆ ತಿಂಗಳು ಬೇಡ ಅಂದ್ರು.”

ನಂದಕುಮಾರ್ ದಡಕ್ಕನೆ ಎದ್ದ. “ಅದು ಬರೀ ವಿಟಮಿನ್ ಕಣ್ರೀ!”

ರಾಧಾಮಣಿ ಆ ಮಾತ್ರೆಗಳನ್ನು ಪರೀಕ್ಷೆಗೆ ಒಯ್ದಳು. ಮತ್ತೆ ಬಂದಾಗ ಅವಳ ದನಿ ತಣ್ಣಗಿತ್ತು.

“ಗಂಡ ಹೆಂಡತಿ ಒಟ್ಟಿಗಿರದ ಆಷಾಢದಲ್ಲಿ ಬೇಡವಾಗೋ ಶಕ್ತಿ ಮಾತ್ರೆ ಯಾವುದು, ನಂದಕುಮಾರ್? ಸರಳಾ ಅತ್ತೆಯಿಂದ ದೂರ ಇದ್ದದ್ದನ್ನ ಎಲ್ಲರೂ ನೋಡಿದ್ವಿ. ನಿಮ್ಮಿಂದಾನೂ ದೂರ ಇದ್ರು ಅನ್ನೋದು ಯಾರಿಗೂ ಹೊಳೀಲಿಲ್ಲ. ಅದು ಬಸಿರು ತಡೆಯೋ ಮಾತ್ರೆ. ಅದರಲ್ಲಿರೋ ಹಾರ್ಮೋನು ಇವರ ಫಿಟ್ಸ್ ಔಷಧೀನ ಮೈಯಿಂದ ಬೇಗ ಖಾಲಿ ಮಾಡುತ್ತೆ. ಡಾಕ್ಟರನ್ನ ಕೇಳಿದ್ರೆ ಬೇರೆ ದಾರಿ ಹೇಳ್ತಿದ್ರು.”

“ಮಗೂಗೂ ಫಿಟ್ಸ್ ಬಂದ್ರೆ ಅಂತ ಭಯ... ಹಿಂಗಾಗುತ್ತೆ ಅಂತ ಗೊತ್ತಿರ್ಲಿಲ್ಲ.”

“ಮೊದಲು ಗೊತ್ತಿರ್ಲಿಲ್ಲ, ಸರಿ. ಆಷಾಢದಲ್ಲಿ ಆ ಮಾತ್ರೆ ಬಿಟ್ಟಾಗ ಫಿಟ್ಸ್ ನಿಂತದ್ದು ನೋಡಿದ್ಮೇಲೆ?”

ಅವನು ಬಾಗಿಲ ಕಡೆ ಸರಿದ. ಗೊತ್ತಾದ ಮೇಲೂ ಕೊಟ್ಟಿದ್ದ. ತಪ್ಪನ್ನು ಹೆತ್ತವಳ ತಲೆಗೆ ಕಟ್ಟಿದ್ದ.

“ನುಂಗೋವರ್ಗೂ ನೀರು ಹಿಡ್ಕೊಂಡು ನಿಂತಿರ್ತಿದ್ರಿ,” ಎಂದಳು ಸರಳಾ. “ಪ್ರೀತಿ ಅನ್ಕೊಂಡಿದ್ದೆ.”

ಗೋಪಾಲಮ್ಮ ಸೊಸೆಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಫಿಟ್ಸ್ ಮಾತ್ರೆಯ ಡಬ್ಬಿಯನ್ನು ಮೇಲಿಟ್ಟಳು.

“ನಡಿಯವ್ವ. ನಿಮ್ಮಪ್ಪನ ಮನೇವರ್ಗೂ ನಾನೇ ಬರ್ತೀನಿ.”

ಪೊಲೀಸ್ ಜೀಪು ಹತ್ತುತ್ತಿದ್ದ ಮಗನ ಕಡೆ ಅವಳು ತಿರುಗಿ ನೋಡಲಿಲ್ಲ.