ಆಷಾಢದ ಗಾಳಿಯ ಮೇಲೊಂದು ಆರೋಪ

ನಾಗಭೂಷಣನ ಜನರೇಟರನ್ನು ಕಟ್ಟಡದಿಂದ ಹೊರಹಾಕಿದ್ದು ಒಂದು ಫ್ಯಾನು. ಕರೆಂಟು ತಯಾರಿಸುವ ತಾರಸಿಯ ಗಾಳಿಯಂತ್ರವನ್ನು ಅವನು ಹಾಗೆಂದೇ ಕರೆಯುತ್ತಿದ್ದ. ಜನರೇಟರ್ ಬಾಡಿಗೆಗೆ ಕೊಡುವುದು ಅವನ ಕಸುಬು. ಗಾಂಧಿಬಜಾರಿನ ಹಿಂದಿನ ರಸ್ತೆಯ ಆ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲೇ ಅವನ ಮನೆ. ಕರೆಂಟು ಹೋದಾಗಲೆಲ್ಲ ಇಷ್ಟು ವರ್ಷ ಇವರಿಗೆ ಬೆಳಕು ಕೊಟ್ಟವನು ತಾನು. ಈಗ ಸಂಘದ ಅಧ್ಯಕ್ಷ ಗೌರೀಶ್ ಎಂಬ ಫಿಸಿಕ್ಸ್ ಮೇಷ್ಟ್ರು ಒಂದು ಕಂಬ ನೆಟ್ಟು ಚಪ್ಪಾಳೆ ಗಿಟ್ಟಿಸಿದ್ದರು. ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಸಂಘದ ಸಭೆಯಲ್ಲಿ ಮೇಷ್ಟ್ರು ಪಾಠವನ್ನೇ ಮಾಡಿದ್ದರು. ಗಾಳಿಗೆ ಬಿಲ್ಲಿಲ್ಲ, ಹೊಗೆಯಿಲ್ಲ, ಮಳೆಯಲ್ಲೂ ಯಂತ್ರ ತಿರುಗುತ್ತದೆ. ಕುಂದುಗಳನ್ನೂ ಮುಚ್ಚಿಡಲಿಲ್ಲ. ಊರೊಳಗೆ ಮರ, ಕಟ್ಟಡಗಳು ಗಾಳಿಗೆ ಅಡ್ಡ, ಸದ್ದು ಬೇರೆ, ಬೇಸಿಗೆಯಲ್ಲಿ ಸುಮ್ಮನೆ ನಿಂತುಬಿಡುತ್ತದೆ, ಲಿಫ್ಟು ಎಳೆಯುವ ತಾಕತ್ತಂತೂ ಇಲ್ಲವೇ ಇಲ್ಲ. ಹಾಗಾದರೆ ಅದರಿಂದ ಏನೇನು ನಡೆಯುತ್ತದೆ ಎಂದು ಅವರು ವಿವರಿಸತೊಡಗಿದಾಗ ನಾಗಭೂಷಣ ಎದ್ದು ಬೋಂಡದ ತಟ್ಟೆಯ ಕಡೆ ಹೋದ. ಮೇಲಿನ ಮನೆಯ ಸರ್ವಮಂಗಳಮ್ಮ ಡೀಸೆಲ್ ಹೊಗೆ ತಪ್ಪಿ ಕೆಮ್ಮು ನಿಂತಿತೆಂದು ಕೈಮುಗಿದರು. ಫ್ಯಾನಿಗೆ ಕೈಮುಗಿಯುವ ಜನ!

"ಗಾಂಧಿಬಜಾರಲ್ಲಿ ಗಾಳಿ ಬರೋದು ಮೇಷ್ಟ್ರ ಬಾಯಿಂದ ಮಾತ್ರ," ಎಂದು ಅವನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಯಾರೂ ನಗಲಿಲ್ಲ. ಹಾಸ್ಯಪ್ರಜ್ಞೆಯಿಲ್ಲದವರು.

ಯೋಜನೆ ಸರಳವಾಗಿತ್ತು. ಯಂತ್ರದ ಕಂಬವನ್ನು ನಾಲ್ಕು ಉಕ್ಕಿನ ಹಗ್ಗಗಳು ಎಳೆದು ಹಿಡಿದಿದ್ದವು. ಒಂದೆರಡರ ನಟ್ಟು ಸಡಿಲಿಸಿದರೆ ಸಾಕು, ಉಳಿದದ್ದನ್ನು ಆಷಾಢದ ಗಾಳಿಯೇ ನೋಡಿಕೊಳ್ಳುತ್ತದೆ. ಕಂಬದ ಜೊತೆಗೆ ಮೇಷ್ಟ್ರ ಮಾನವೂ ಬೀಳುತ್ತದೆ, ಜನರೇಟರ್ ವಾಪಸು ಬರುತ್ತದೆ. ಗಾಳಿಯನ್ನು ಯಾವ ಪೊಲೀಸರು ಠಾಣೆಗೆ ಕರೆಸುತ್ತಾರೆ?

ಅಡ್ಡಿಯೆಂದರೆ ತಾರಸಿ ಬಾಗಿಲ ಬಳಿಯ ಕ್ಯಾಮೆರಾ. ಅದರ ಹಣೆಬರಹ ಅವನಿಗೆ ಗೊತ್ತಿತ್ತು. ಕರೆಂಟು ಹೋದಾಗ ಅದು ಬದುಕಿರುತ್ತಿದ್ದುದೇ ಅವನ ಡೀಸೆಲ್ಲಿನ ದಯೆಯಿಂದ. ಆ ತಂತಿ ಎಳೆಸಿದವನೂ ಅವನೇ. ಜನರೇಟರನ್ನೇ ಹೊರಹಾಕಿದ ಮೇಲೆ ಅದಕ್ಕೆ ಪ್ರಾಣ ಎಲ್ಲಿಂದ ಬರಬೇಕು? ಬುದ್ಧಿವಂತರು ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಂಡಿದ್ದರು.

ಆಷಾಢ ಶುಕ್ರವಾರ ಇಡೀ ದಿನ ಕರೆಂಟಿಲ್ಲವೆಂದು ಪತ್ರಿಕೆಯಲ್ಲಿ ಬಂತು. ಅಂದು ಹೆಂಗಸರೆಲ್ಲ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ಗುಡಿಗೆ ಹೋಗುತ್ತಾರೆ, ಉಳಿದವರು ಆಫೀಸಿಗೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಬಾಗಿಲುಗಳ ಸದ್ದು ಅಡಗಿ, ಕಟ್ಟಡ ಖಾಲಿಯಾದ ಮೇಲೆ ಅವನು ಜೇಬಿನಲ್ಲಿ ಸ್ಪಾನರ್ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ತಾರಸಿಯಲ್ಲಿ ಗಾಳಿ ಪಂಚೆಯನ್ನು ತಲೆಯವರೆಗೆ ಹಾರಿಸಿತು. ಫ್ಯಾನು ಹುಚ್ಚೆದ್ದು ತಿರುಗುತ್ತಿತ್ತು. ತಿರುಗು ಮಗನೇ, ಇವತ್ತೊಂದು ದಿನ, ಎಂದುಕೊಂಡು ನಟ್ಟು ಸಡಿಲಿಸಿದ. ಬಾಗಿಲ ಬಳಿ ಮೆಟ್ಟಿಲ ದೀಪ ಉರಿಯುತ್ತಿತ್ತು; ಹಗಲಲ್ಲೂ ದೀಪ ಉರಿಸುವ ದಂಡಪಿಂಡಗಳನ್ನು ಬೈದುಕೊಂಡು, ಅಭ್ಯಾಸದಂತೆ ಸ್ವಿಚ್ಚು ಆರಿಸಿ ಇಳಿದ.

ಮಧ್ಯಾಹ್ನ ಕಂಬ ಬಿತ್ತು. ನೀರಿನ ಟ್ಯಾಂಕು ಒಡೆದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಸುದ್ದಿ ಕೇಳಿ ಕಾಲೇಜಿನಿಂದ ಓಡಿಬಂದ ಮೇಷ್ಟ್ರ ಮುಖ ಬಿಳಿಚಿತ್ತು. ಗುಡಿಯಿಂದ ಹಿಂದಿರುಗಿದವರೂ ತಾರಸಿಯಲ್ಲಿ ಸೇರಿದರು. ನಾಗಭೂಷಣನಿಗೆ ಒಳಗೊಳಗೇ ಹಬ್ಬ.

"ಗಾಳೀನ ನಂಬಿದ್ರೆ ಹೀಗೇ ಆಗೋದು ಮೇಷ್ಟ್ರೇ," ಎಂದು ಮರುಗಿದ. "ಸಾಯಂಕಾಲಾನೇ ಜನರೇಟರ್ ಕಳಿಸ್ತೀನಿ, ಯೋಚ್ನೆ ಮಾಡ್ಬೇಡಿ."

ಕೊನೆಗೆ ಸರ್ವಮಂಗಳಮ್ಮ ಕುಂಕುಮದ ಪೊಟ್ಟಣ ಹಿಡಿದು, ಕತ್ತಲ ಮೆಟ್ಟಿಲು ತಡಕಾಡಿ ಏದುಸಿರು ಬಿಡುತ್ತಾ ಬಂದರು. ಬಿದ್ದ ಕಂಬಕ್ಕಿಂತ ಅವರಿಗೆ ತಮ್ಮ ಮಂಡಿಯ ಚಿಂತೆ. "ಮೆಟ್ಲು ಲೈಟ್ ಯಾರಪ್ಪಾ ಆರ್ಸಿದ್ದು? ನಾನು ಗುಡಿಗೆ ಹೋಗ್ವಾಗ ಉರೀತಿತ್ತು." ಬೆಳಿಗ್ಗೆಯಿಂದ ಕರೆಂಟೇ ಇಲ್ಲವಲ್ಲಮ್ಮ ಎಂದು ನಗಹೊರಟ ನಾಗಭೂಷಣನ ಬಾಯಿ ಅರ್ಧಕ್ಕೇ ನಿಂತಿತು. ಕರೆಂಟಿಲ್ಲದೆ ಉರಿಯುತ್ತಿದ್ದ ದೀಪವನ್ನು ಅವನೇ ಕೈಯಾರೆ ಆರಿಸಿದ್ದ. "ಅದು ಗಾಳಿ ಬ್ಯಾಟ್ರಿ ಲೈಟು ನಾಗಭೂಷಣ್, ಪಕ್ಕದ ಕ್ಯಾಮೆರಾನೂ ಅದ್ರಲ್ಲೇ ನಡೆಯೋದು," ಎಂದರು ಮೇಷ್ಟ್ರು. "ಮೀಟಿಂಗಲ್ಲೇ ಹೇಳಿದ್ದೆ, ನೀವು ಬೋಂಡ ತಿನ್ನೋಕೆ ಹೋಗಿದ್ರಿ." ಆಮೇಲೆ, ದೀಪ ಆರಿಸಿದವರು ಯಾರೆಂದು ಸರ್ವಮಂಗಳಮ್ಮನಿಗೆ ತೋರಿಸಿಬಿಡೋಣವೆಂದು, ಪಾಪ, ಜೇಬಿನಿಂದ ಮೊಬೈಲು ತೆಗೆದರು.